ಗೋಲಿನ ಬಾಗಿಲಲ್ಲಿ ನಿಂತವರು

ಮೊನ್ನೆ ಸಂಜೆ ನನ್ನ ಮೊಮ್ಮಗ ಶಾಲೆಯಿಂದ ಮುಖ ಊದಿಸಿಕೊಂಡು ಬಂದ. ಚೀಲವನ್ನು ಜಗಲಿಯ ಮೂಲೆಗೆ ಎಸೆದು, "ಅಜ್ಜ, ನಾಳೆಯಿಂದ ನಾನು ಆಟಕ್ಕೆ ಹೋಗುವುದಿಲ್ಲ" ಎಂದ. ಅಜ್ಜಿ ಕೊಟ್ಟ ಅವಲಕ್ಕಿಯನ್ನೂ ಮುಟ್ಟಲಿಲ್ಲ.

ಮೆಲ್ಲಗೆ ವಿಚಾರಿಸಿದಾಗ ಸಂಗತಿ ಹೊರಬಂತು. ಫುಟ್‌ಬಾಲ್ ಪಂದ್ಯದಲ್ಲಿ ಇವನು ಗೋಲ್‌ಕೀಪರ್. ಕೊನೆಯ ಗಳಿಗೆಯಲ್ಲಿ ಚೆಂಡು ಕಾಲಿನ ಸಂದಿಯಲ್ಲಿ ನುಸುಳಿ ಒಳಗೆ ಹೋಯಿತು. ತಂಡ ಸೋತಿತು. "ಅದಕ್ಕೆ ಮೊದಲು ಆರು ಸಲ ಹಿಡಿದಿದ್ದೆ. ಅದನ್ನು ಒಬ್ಬರೂ ಹೇಳಲಿಲ್ಲ" ಎನ್ನುವಾಗ ಅವನ ಕಣ್ಣು ತುಂಬಿತ್ತು.

ನನಗೆ ಹೊಸನಗರದ ನನ್ನ ಬಾಲ್ಯ ನೆನಪಾಯಿತು. ಕೊಯ್ಲು ಮುಗಿದ ಗದ್ದೆಯೇ ನಮ್ಮ ಮೈದಾನ. ಎರಡು ಅಡಿಕೆ ದಬ್ಬೆ ನೆಟ್ಟರೆ ಗೋಲು. ತಂಡದಲ್ಲಿ ಯಾರು ಸಣ್ಣವನೋ, ಯಾರಿಗೆ ಓಡಲು ಬರುವುದಿಲ್ಲವೋ ಅವನೇ ಗೋಲ್‌ಕೀಪರ್. ಹಾಗಾಗಿ ಆ ಕೆಲಸ ಸದಾ ನನ್ನದೇ. ಮುಂದೆ ಬ್ಯಾಂಕಿನಲ್ಲಿ ಗುಮಾಸ್ತನಾದಾಗಲೂ ಅದೇ ಕೆಲಸ ಮಾಡುತ್ತಿದ್ದೇನೆ ಅನಿಸುತ್ತಿತ್ತು. ದಿನಕ್ಕೆ ಇನ್ನೂರು ಎಂಟ್ರಿ ಸರಿಯಾಗಿ ಬರೆದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಒಂದು ಸೊನ್ನೆ ತಪ್ಪಿದರೆ ಮಾತ್ರ ಇಡೀ ಶಾಖೆಗೆ ಹೆಸರು ಗೊತ್ತಾಗುತ್ತದೆ!

ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ರಾಜ್ಯದ ಇಬ್ಬರು ಗೋಲ್‌ಕೀಪರ್‌ಗಳ ಕಥೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

ಮೊದಲನೆಯವರು ಕೆಂಚಪ್ಪ ವರದರಾಜ್. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಅಂದು ಗೋಲು ಕಾಯ್ದವರು ವರದರಾಜ್. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿ ಎರಡೂ ವ್ಯರ್ಥವಾದವು. 1-2ರಿಂದ ಸೋತೆವು. ಆದರೂ ಬರಿಗಾಲಿನ ಆ ತಂಡವನ್ನು ಜನ ಇಂದಿಗೂ ನೆನೆಯುತ್ತಾರೆ.

ಎರಡನೆಯವರು ಹಾಕಿಯವರು. ಹೆಸರು ಆಶಿಶ್ ಬಲ್ಲಾಳ್. ಹುಟ್ಟಿದ್ದು 1970ರಲ್ಲಿ, ಮುಂಬೈಯಲ್ಲಿ. ನೆಲೆ ನಿಂತದ್ದು ಬೆಂಗಳೂರಿನಲ್ಲಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅವರಿದ್ದರು. ಕೊಡಗಿನ ಎ.ಬಿ. ಸುಬ್ಬಯ್ಯ ಕೂಡ ಅದೇ ತಂಡದ ಗೋಲ್‌ಕೀಪರ್. ಅಂದರೆ ದೇಶದ ಗೋಲಿನ ಬೀಗದ ಕೈ ಎರಡೂ ಕರ್ನಾಟಕದವರ ಕೈಯಲ್ಲೇ ಇತ್ತು! ಆದರೆ ಭಾರತಕ್ಕೆ ಅಲ್ಲಿ ಏಳನೆಯ ಸ್ಥಾನವಷ್ಟೇ ಸಿಕ್ಕಿತು.

ಬಲ್ಲಾಳರ ದಿನ ಬಂದದ್ದು 1998ರ ಡಿಸೆಂಬರಿನಲ್ಲಿ, ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ. ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಕೊರಿಯಾ. ಆಟ 1-1ರಲ್ಲಿ ಸಮವಾಗಿ ನಿಂತಿತು. ಪಂದ್ಯ ಟೈಬ್ರೇಕರ್‌ಗೆ ಹೋಯಿತು. ಆಗಿನ ನಿಯಮದಂತೆ ಪೆನಾಲ್ಟಿ ಸ್ಟ್ರೋಕ್.

ಪೆನಾಲ್ಟಿ ಸ್ಟ್ರೋಕ್ ಎಂದರೆ ಏನು ಗೊತ್ತೇ? ಹಾಕಿಯ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಗೋಲ್‌ಕೀಪರ್ ಗೆರೆಯ ಮೇಲೆ ನಿಂತಿರುತ್ತಾನೆ. ಅವನ ಎದುರು ಬರೀ 7 ಗಜ ದೂರದಲ್ಲಿ ಚೆಂಡು. ಹೊಡೆಯುವವನು ಚೆಂಡು ಮುಟ್ಟುವವರೆಗೆ ಗೋಲ್‌ಕೀಪರ್ ಕಾಲು ಅಲುಗಿಸುವಂತಿಲ್ಲ. ಲೆಕ್ಕದ ಮನುಷ್ಯನಾದ ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಅಷ್ಟು ದೂರ ದಾಟಲು ಕಾಲು ಸೆಕೆಂಡೂ ಬೇಕಿಲ್ಲ! ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ.

ಬಲ್ಲಾಳ್ ಅಂದು ಅಂಥ ಎರಡು ಹೊಡೆತಗಳನ್ನು ತಡೆದರು. ಟೈಬ್ರೇಕರ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ಏಷ್ಯನ್ ಕ್ರೀಡಾಕೂಟದ ಹಾಕಿ ಚಿನ್ನ 32 ವರ್ಷಗಳ ಬಳಿಕ ನಮ್ಮ ಮನೆಗೆ ಬಂತು. ಇನ್ನೊಂದು ಸ್ವಾರಸ್ಯ ಕೇಳಿ. ಹಿಂದಿನ ಚಿನ್ನ ಬಂದದ್ದು 1966ರಲ್ಲಿ, ಅದೂ ಬ್ಯಾಂಕಾಕ್‌ನಲ್ಲೇ. ಆಗ ನಾಯಕರಾಗಿದ್ದ ಶಂಕರ್ ಲಕ್ಷ್ಮಣ್ ಕೂಡ ಗೋಲ್‌ಕೀಪರ್!

ನಾನಾಗ ತೀರ್ಥಹಳ್ಳಿಯಲ್ಲಿದ್ದೆ. ಮರುದಿನ ಕೌಂಟರಿನ ಮೇಲೆ ಪತ್ರಿಕೆ ಹರಡಿಕೊಂಡು ನಾವೆಲ್ಲ ಓದುತ್ತಿದ್ದರೆ, ಹಣ ಕಟ್ಟಲು ಬಂದವರೂ ಚಲನ್ ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ನೋಡುತ್ತಿದ್ದರು. "ಗೋಲ್‌ಕೀಪರ್ ಗೆಲ್ಲಿಸಿದನಂತೆ ಮಾರಾಯ್ರೇ" ಎಂದು ಅಡಿಕೆ ವ್ಯಾಪಾರಿಯೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಆ ಮಾತು ಕೇಳಿ, ಗದ್ದೆಯಲ್ಲಿ ನಿಂತಿದ್ದ ಆ ಸಣ್ಣ ಹುಡುಗನಿಗೂ ಯಾರೋ ಬೆನ್ನು ತಟ್ಟಿದ ಹಾಗಾಯಿತು.

ಆದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಚಿನ್ನ ಗೆದ್ದು ಬಂದ ತಂಡದಿಂದ ಕೆಲವೇ ವಾರಗಳಲ್ಲಿ ನಾಯಕ ಧನರಾಜ್ ಪಿಳ್ಳೆ, ಬಲ್ಲಾಳ್ ಮತ್ತಿತರರನ್ನು ಕೈಬಿಟ್ಟರು. ಕೋಚ್ ಎಂ.ಕೆ. ಕೌಶಿಕ್ ಅವರೂ ಹೊರಗಾದರು. ದೇಶವೇ ಬೆರಗಾಯಿತು.

ಇಲ್ಲಿಯವರೆಗೆ ಸುಮ್ಮನಿದ್ದ ಮೊಮ್ಮಗ ಕೇಳಿದ, "ಗೆಲ್ಲಿಸಿದವರನ್ನೇ ಯಾಕೆ ತೆಗೆದರು ಅಜ್ಜ?"

ಅವನಿಗೆ ಒಪ್ಪಿಗೆಯಾಗುವ ಉತ್ತರ ನನ್ನ ಬಳಿ ಇರಲಿಲ್ಲ. "ಅವರು ಆಮೇಲೆ ಏನು ಮಾಡಿದರು ಎಂದು ಕೇಳು" ಎಂದೆ.

ಬಲ್ಲಾಳ್ ಕೋಚ್ ಆದರು. ಬೆಂಗಳೂರಿನಲ್ಲಿ ತಮ್ಮ ಹೆಸರಿನಲ್ಲೇ ಹಾಕಿ ಅಕಾಡೆಮಿ ತೆರೆದು ಮಕ್ಕಳ ಕೈಗೆ ಸ್ಟಿಕ್ ಕೊಟ್ಟರು. ಅರ್ಜುನ ಪ್ರಶಸ್ತಿ ಪಡೆದ ಮನುಷ್ಯ, ಚೆಂಡು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದ ಪುಟ್ಟವರ ಎದುರು ನಿಂತರು.

ಗೋಲ್‌ಕೀಪರ್ ಒಳ್ಳೆಯ ಕೋಚ್ ಆಗುವುದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಓಡುವವನಿಗೆ ಕಾಣುವುದು ಚೆಂಡು ಮತ್ತು ಎದುರಾಳಿಯ ಗೋಲು. ಹಿಂದೆ ನಿಂತವನಿಗೆ ಮಾತ್ರ ಇಡೀ ಮೈದಾನ ಕಾಣುತ್ತದೆ. ಯಾರು ಎಲ್ಲಿ ಸಂದಿ ಬಿಟ್ಟಿದ್ದಾರೆ, ಯಾರಿಗೆ ದಣಿವಾಗಿದೆ ಎಂಬುದೆಲ್ಲ ಅವನಿಗೆ ತಿಳಿಯುತ್ತದೆ. ಇಟಲಿಯ ಡಿನೊ ಝಾಫ್ 1982ರಲ್ಲಿ ತಮ್ಮ 40ನೇ ವಯಸ್ಸಿನಲ್ಲಿ ಗೋಲ್‌ಕೀಪರ್ ಮತ್ತು ನಾಯಕನಾಗಿ ಫುಟ್‌ಬಾಲ್ ವಿಶ್ವಕಪ್ ಗೆದ್ದರು. ಮುಂದೆ ಅದೇ ದೇಶದ ಕೋಚ್ ಆಗಿ, 2000ದ ಯುರೋಪ್ ಚಾಂಪಿಯನ್‌ಷಿಪ್‌ನಲ್ಲಿ ತಂಡವನ್ನು ಫೈನಲ್‌ವರೆಗೆ ಕರೆದೊಯ್ದರು.

ಇನ್ನೂ ಒಂದು ಕಾರಣವಿದೆ. ಗೋಲು ಬಿಟ್ಟುಕೊಟ್ಟ ಮೇಲೂ ಗೋಲ್‌ಕೀಪರ್ ಅಲ್ಲೇ ನಿಲ್ಲಬೇಕು. ಮುಂದಿನ ಚೆಂಡು ಯಾವ ಕ್ಷಣದಲ್ಲೂ ಬರಬಹುದು. ಅಳುತ್ತಾ ಕೂರಲು ಅವನಿಗೆ ಪುರುಸೊತ್ತಿಲ್ಲ. ಸೋತ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ವಿದ್ಯೆಯನ್ನು ಇಂಥವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮೊಮ್ಮಗ ಏನೂ ಹೇಳಲಿಲ್ಲ. ಅವಲಕ್ಕಿ ತಿಂದು ಮಲಗಿದ.

ಮರುದಿನ ಸಂಜೆ ಶಾಲೆಯಿಂದ ಬಂದವನೇ ಚೆಂಡು ಹುಡುಕಿ ತಂದ. ಅಂಗಳದ ತುದಿಯಲ್ಲಿ ಎರಡು ಕಲ್ಲಿಟ್ಟು ನಡುವೆ ನಿಂತ. "ಅಜ್ಜ, ಕಾಲಿನ ಹತ್ತಿರಕ್ಕೇ ಎಸೆ. ಅದೇ ನನಗೆ ಬರುವುದಿಲ್ಲ" ಎಂದ. ನನ್ನ ಭುಜ ನೋವಿನದು, ಆದರೂ ಎಸೆದೆ. ಹತ್ತರಲ್ಲಿ ನಾಲ್ಕು ಒಳಗೆ ಹೋದವು.

"ಆರು ಹಿಡಿದೆ" ಎಂದು ನಾನು ಗಟ್ಟಿಯಾಗಿ ಹೇಳಿದೆ.