ಮೂರು ಪೈಸೆಯ ಚಿಮಟಾ ಮತ್ತು ‘ಮನಿ ಗಂಡಸು’

ಕಳೆದ ಮಳೆಗಾಲದ ಒಂದು ಮುಂಜಾನೆ. ಅಕ್ಕಲಕೋಟೆಯ ನನ್ನ ಅಡತ ಅಂಗಡಿಗೆ ಹಳ್ಳಿಯ ಹೆಣ್ಣುಮಗಳೊಬ್ಬಳು ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಬಂದಳು.

“ಸಾವಕಾರ್ರ, ಇವನ್ನ ಕೆಲಸಕ್ಕ ಇಟ್ಕೋರಿ. ಇವರಪ್ಪ ತೀರಿಕೊಂಡ ಮ್ಯಾಲ ನಮ್ಮ ಮನಿ ಗಂಡಸು ಅಂದ್ರ ಇವನ. ಭಾಳ ಗಟ್ಟಿ ಅದಾನ್ರಿ. ಅಪ್ಪನ ಮಣ್ಣಿನ ದಿನಾನೂ ಒಂದ ಹನಿ ಕಣ್ಣೀರ ತಗೀಲಿಲ್ಲ.”

ಹುಡುಗ ಎದೆ ಸೆಟೆಸಿ ನಿಂತಿದ್ದ. ಜೋಳದ ಚೀಲ ಅವನ ಎದೆಮಟ್ಟ ಬರುತ್ತಿತ್ತು. ಆ ನಿಲುವು ನನಗೆ ಹೊಸದಲ್ಲ. ನಾನೂ ಹಾಗೆಯೇ ನಿಂತವನು.

ಬರಗಾಲದ ವರ್ಷ

1972ರ ಬರಗಾಲ ನಮ್ಮ ಸೊಲ್ಲಾಪುರ ಸೀಮೆಯ ಹಿರಿಯರಿಗೆ ಇನ್ನೂ ನೆನಪಿದೆ. ಬಾವಿ ಬತ್ತಿದವು, ದನ ಹೋದವು. ರೇಷನ್ನಿನಲ್ಲಿ ಕೆಂಪು ಮಿಲೋ ಜೋಳ, ಸರಕಾರದ ಖಡಿ ಒಡೆಯುವ ಕೆಲಸ, ಅಲ್ಲಿ ಹಂಚುತ್ತಿದ್ದ ಸುಕಡಿ, ಇಷ್ಟೇ ನಮ್ಮ ಬದುಕು. ಆ ವರ್ಷವೇ ಅಪ್ಪ ಜ್ವರದಿಂದ ತೀರಿಕೊಂಡ. ನನಗಾಗ ಹತ್ತು ವರ್ಷ. ಊರ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು, “ತಮ್ಮಾ, ಅಳಬ್ಯಾಡ. ಇನ್ನ ಮ್ಯಾಲ ಈ ಮನಿ ಗಂಡಸು ನೀನ” ಅಂದರು. ನಾನು ಅಳು ನುಂಗಿದೆ.

ಅವ್ವನ ಜೋಡಿ ಖಡಿ ಬುಟ್ಟಿ ಹೊತ್ತೆ. ಒಂದು ಸಂತೆಯ ದಿನ ಅವ್ವ ನಾಲ್ಕಾಣೆ ಕೈಗಿಟ್ಟು, “ಏನರ ತಗೊಂಡ ತಿನ್ನು” ಅಂದಳು. ಗೋಲಿಗುಂಡದ ಅಂಗಡಿ ಮುಂದೆ ಬಹಳ ಹೊತ್ತು ನಿಂತೆ. ಕಡೆಗೆ ಉಪ್ಪು ತಗೊಂಡು ಬಂದೆ. ಮಂದಿ ‘ಶ್ಯಾಣ್ಯಾ’ ಅಂತ ಹೊಗಳಿದರು. ಅವ್ವ ಮಾತ್ರ ಏನೂ ಅನ್ನಲಿಲ್ಲ. ಉಪ್ಪನ್ನು ಗಡಿಗೆಗೆ ಸುರಿದು ಆಚೆ ಮುಖ ಮಾಡಿ ಕೂತಳು. ಸಿಟ್ಟು ಬಂತೇನೋ ಅಂದುಕೊಂಡೆ.

ಹಾಮೀದನ ಕತೆ

ಅವ್ವನ ಆ ಮೌನ ತಿಳಿದದ್ದು ನಾಲ್ಕು ವರ್ಷಗಳ ನಂತರ, ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮಗೆ ಹಿಂದಿ ಮೇಷ್ಟ್ರು ಒಂದು ದಿನ ಪ್ರೇಮಚಂದರ ‘ಈದ್‌ಗಾಹ್’ ಓದಿ ಹೇಳಿದರು. 1933ರಲ್ಲಿ ಪ್ರಕಟವಾದ ಕತೆ ಅದು. ಬರೆದವರೂ ಇದನ್ನೆಲ್ಲ ಉಂಡವರೇ. 1880ರಲ್ಲಿ ಕಾಶಿಯ ಹತ್ತಿರದ ಲಮಹಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡರು. ಹದಿಹರೆಯದಲ್ಲಿ ತಂದೆಯೂ ಹೋಗಿ ಸಂಸಾರದ ಭಾರ ಹೆಗಲಿಗೆ ಬಿತ್ತು.

ಕತೆಯ ಹಾಮೀದ ನಾಲ್ಕೈದು ವರ್ಷದ ತಬ್ಬಲಿ. ಅಪ್ಪ ಕಾಲರಾಕ್ಕೆ ಬಲಿಯಾದ, ಅವ್ವ ಸೊರಗಿ ಸತ್ತಳು. ಅಪ್ಪ ರೊಕ್ಕ ಗಳಿಸಲು ಹೋಗಿದ್ದಾನೆ ಅಂತಲೇ ಮಗುವಿಗೆ ಹೇಳಿದ್ದಾರೆ. ಸಾಕುವ ಅಜ್ಜಿ ಅಮೀನಾ ಬಟ್ಟೆ ಹೊಲಿದು ಬದುಕುವವಳು. ಈದ್ ದಿನ ಊರ ಹುಡುಗರು ಅಪ್ಪಂದಿರ ಜೊತೆ ಜಾತ್ರೆಗೆ ಹೊರಟರೆ, ಇವನು ಬರಿಗಾಲಲ್ಲಿ, ಮೂರು ಪೈಸೆ ಇಟ್ಟುಕೊಂಡು ಹೊರಡುತ್ತಾನೆ. ಉಳಿದವರು ಮಣ್ಣಿನ ಸಿಪಾಯಿ, ವಕೀಲ, ನೀರು ಹೊರುವ ಭಿಶ್ತಿಯ ಗೊಂಬೆ ಕೊಳ್ಳುತ್ತಾರೆ, ಮಿಠಾಯಿ ತಿನ್ನುತ್ತಾರೆ. ಹಾಮೀದ ಕಬ್ಬಿಣದ ಅಂಗಡಿ ಮುಂದೆ ನಿಲ್ಲುತ್ತಾನೆ. ಹಂಚಿನ ಮೇಲಿನ ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುವುದು ನೆನಪಾಗುತ್ತದೆ. ಆರು ಪೈಸೆಯ ಚಿಮಟಾವನ್ನು ಚೌಕಾಶಿ ಮಾಡಿ ಮೂರಕ್ಕೆ ಇಳಿಸಿ, ಬಂದೂಕಿನ ಹಾಗೆ ಹೆಗಲಿಗೇರಿಸಿಕೊಂಡು ಬರುತ್ತಾನೆ.

ಇದರಲ್ಲಿ ಒಂದು ಮಾತು ನೋಡಿ. ಸಿಪಾಯಿ, ವಕೀಲ, ಇವು ಲೋಕ ಹೆದರುವ ಗಂಡಸರ ಗೊಂಬೆಗಳು. ಮನೆ ಮುಟ್ಟಿ ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಒಡೆಯುತ್ತವೆ. ಉಳಿಯುವುದು ಹೆಂಗಸರ ಒಲೆಯ ಮುಂದಿನ ಚಿಮಟಾ. ಗಂಡಸುತನ ಅಂದರೆ ಎದೆ ಸೆಟೆಸುವುದಲ್ಲ, ಮನೆಯಲ್ಲಿ ಯಾರ ಬೆರಳು ಸುಡುತ್ತಿದೆ ಅಂತ ಕಾಣುವುದು. ನನಗೆ ತಿಳಿದದ್ದು ಹೀಗೆ.

ಕತೆ ಅಲ್ಲಿಗೇ ಮುಗಿಯುವುದಿಲ್ಲ. ಹಸಿದುಕೊಂಡು ಬಂದ ಮೊಮ್ಮಗನನ್ನು ಅಮೀನಾ ಮೊದಲು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ. ಅಲ್ಲಿ ಮಗು ಮುದುಕನಾಗಿದೆ, ಮುದುಕಿ ಮಗುವಾಗಿದ್ದಾಳೆ. ಆ ಅಳುವಿನಲ್ಲಿ ಪ್ರೀತಿ, ಹೆಮ್ಮೆ ಇವೆ. ಸಂಕಟವೂ ಇದೆ. ನಾಲ್ಕೈದು ವರ್ಷದ ಕೂಸು ಆಟಿಗೆ ಬಿಡುವಷ್ಟು ಬಡತನ ಯಾಕಿರಬೇಕು?

ಮೇಷ್ಟ್ರು ಕತೆಯ ನೀತಿ ಏನು ಅಂತ ಕೇಳಿದಾಗ ಎಲ್ಲರೂ ‘ತ್ಯಾಗ’ ಅಂದರು. ನಾನು ಸುಮ್ಮನಿದ್ದೆ. ನನಗೆ ಉಪ್ಪಿನ ಗಡಿಗೆಯ ಮುಂದೆ ಮುಖ ತಿರುವಿ ಕೂತ ಅವ್ವ ಕಾಣುತ್ತಿದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ನಾನು ನುಂಗಿದ್ದ ಅಳುವನ್ನೇ ಅವಳೂ ನುಂಗಿದ್ದಳು.

ಅಂಗಡಿಯ ಲೆಕ್ಕ

ಬಾಂಧವರೇ, ನಾವು ವ್ಯಾಪಾರಸ್ಥರು, ರೈತರು ಇಂಥ ಹುಡುಗರನ್ನು ದಿನಾ ನೋಡುತ್ತೇವೆ. ‘ಸಣ್ಣವನಾದರೂ ಗಂಡಸಿನ ಹಾಂಗ ದುಡೀತಾನ’ ಅಂತ ಹೊಗಳುತ್ತೇವೆ. ಆ ಹೊಗಳಿಕೆಯಲ್ಲಿ ನಮ್ಮ ಲಾಭವೂ ಇದೆ, ಯಾಕಂದರೆ ಹುಡುಗನ ಪಗಾರ ಕಡಿಮೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಅಂಗಡಿ ಕೆಲಸಕ್ಕೆ ಇಡುವುದು ಅಪರಾಧ. ಅವರನ್ನು ಶಾಲೆಗೆ ಸೇರಿಸಿಕೊಳ್ಳಲು 2009ರ ಕಾಯ್ದೆ ಇದೆ. ಆದರೆ ಆ ತಾಯಿಗೆ ಕಾಯ್ದೆ ಹೇಳಿ ಕಳಿಸಿದ್ದರೆ ಅವಳ ಒಲೆ ಹೊತ್ತುತ್ತಿರಲಿಲ್ಲ.

“ಯವ್ವಾ, ಕಾಳು ಹಸನ ಮಾಡೂದಕ್ಕ ನೀ ಬಾ. ಹುಡುಗ ಸಾಲಿಗೆ ಹೋಗ್ಲಿ” ಅಂದೆ. ಹುಡುಗನ ಮುಖ ಸಣ್ಣದಾಯಿತು. ಗಂಡಸಿನ ಪಟ್ಟ ಕಸಿದುಕೊಂಡೆನಲ್ಲ!

ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮನ ಜಾತ್ರೆಗೆ ಹೊರಟವನ ಕೈಗೆ ನೂರು ರೂಪಾಯಿ ಕೊಟ್ಟು, “ಅವ್ವಗ ಅಂತ ಏನೂ ತರಬ್ಯಾಡ. ನಿನಗ ಬೇಕಾದ್ದು ಮಾಡು” ಅಂದೆ. ಮರುದಿನ ಬಂದ. ಕೈ ಖಾಲಿ. ಭಜಿ ತಿಂದು, ದೊಡ್ಡ ತೊಟ್ಟಿಲಲ್ಲಿ ಎರಡು ಸಲ ಕೂತಿದ್ದನಂತೆ.

“ಮ್ಯಾಲ ಹೋದಾಗ ಅಂಜಿ ಅತ್ತುಬಿಟ್ನಿರಿ ಕಾಕಾ” ಅಂದು ನಕ್ಕ.

ಒಳಗೆ ಕಾಳು ಹಸನು ಮಾಡುತ್ತಿದ್ದ ತಾಯಿ ಮೊರ ನಿಲ್ಲಿಸಿ ಅವನ ಕಡೆ ನೋಡಿದಳು.