ಬಿಸಿಯಾಗುತ್ತಿರುವ ಕಡಲು: ನಾವು ಚಿಂತಿಸಬೇಕೆ?



ಭೂಮಿ ಬಿಸಿಯಾಗುತ್ತಿದೆ ಎಂಬ ಮಾತು ಮಿಂಬರ್‌ನಿಂದ ಬಂದಾಗ ಎರಡು ಬಗೆಯ ಪ್ರತಿಕ್ರಿಯೆ ಕೇಳಿಬರುತ್ತದೆ. ಇದು ಕಿಯಾಮತ್‌ನ ಲಕ್ಷಣ, ನಮ್ಮ ಕೈಲಿ ಏನಿದೆ ಎನ್ನುವವರು ಕೆಲವರು. ಮಳೆ ಬಿಸಿಲು ಅಲ್ಲಾಹನದು, ನಮಗೇಕೆ ಚಿಂತೆ ಎನ್ನುವವರು ಇನ್ನು ಕೆಲವರು. ಮಾತು ಬೇರೆಯಾದರೂ ಇಬ್ಬರೂ ಕೊನೆಗೆ ಮಾಡುವುದು ಒಂದೇ, ಕೈಕಟ್ಟಿ ಕೂರುವುದು. ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್ ಮಾಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿ(ಸ)ರು ಮೊದಲು ಕಟ್ಟಲು, ಆಮೇಲೆ ಭರವಸೆ ಇಡಲು ಹೇಳಿದ್ದು ನಮ್ಮ ಮಕ್ಕಳಿಗೂ ಗೊತ್ತು. ಕಾಸರಕೋಡಿನಲ್ಲಿ ಒಂಟೆಯಿಲ್ಲ, ದೋಣಿಯಿದೆ. ದೋಣಿಯನ್ನು ಕಟ್ಟದೆ ಅಲೆಗೆ ಬಿಟ್ಟು ಮನೆಗೆ ಹೋಗುವ ಮೀನುಗಾರನನ್ನು ನಾನಂತೂ ಕಂಡಿಲ್ಲ.

ಮೊದಲು ವಿಷಯ ತಿಳಿದುಕೊಳ್ಳೋಣ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಭೂಮಿಗೆ ಹೊದಿಸಿದ ಕಂಬಳಿಯಂತೆ. ಬಿಸಿಲಿನ ಶಾಖವನ್ನು ಒಳಗೆ ಬಿಡುತ್ತದೆ, ಭೂಮಿಯಿಂದ ಹೊರಹೋಗುವ ಶಾಖವನ್ನು ತಡೆಯುತ್ತದೆ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಿತ್ತು. ಒಂದೂವರೆ ಡಿಗ್ರಿ ಏನು ಮಹಾ ಎನ್ನಬೇಡಿ. ಮಗುವಿನ ಮೈ 37 ಡಿಗ್ರಿಯಿಂದ 38.5ಕ್ಕೆ ಏರಿದರೆ ತಾಯಿ ರಾತ್ರಿಯಿಡೀ ಎದ್ದಿರುತ್ತಾಳೆ.

ನಮ್ಮ ಕಡೆ ಈ ಜ್ವರ ಮುಖ್ಯವಾಗಿ ನೀರಿನ ರೂಪದಲ್ಲಿ ಬರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. ಅದಕ್ಕೇ ಮಳೆಗಾಲದಲ್ಲಿ ವಾರಗಟ್ಟಲೆ ಒಣ ದಿನಗಳು, ನಡುವೆ ಒಂದೇ ರಾತ್ರಿ ಊರು ಮುಳುಗುವಷ್ಟು ಮಳೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಆದದ್ದು ನೆನಪಿದೆಯಲ್ಲವೇ? ತಾಲೂಕಿನ ಕೆಲವೆಡೆ ಒಂದೇ ದಿನ 500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿತ್ತು. ಅಂಗಡಿಗಳಿಗೆ ನೀರು ನುಗ್ಗಿತು, ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಹೋದರು. ಎರಡು ವರ್ಷಗಳ ನಂತರ, 2024ರ ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಬಿತ್ತು. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಎಲ್ಲ ಅನಾಹುತವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದವರು ಮನುಷ್ಯರು. ಕಡಿದ ಗುಡ್ಡದ ಮೇಲೆ ಇಂಥ ಮಳೆ ಸುರಿದಾಗ ಅದು ನಿಲ್ಲುವುದಿಲ್ಲ, ಅಷ್ಟೇ.

ಇನ್ನು ಕಡಲು. ಅರಬ್ಬಿ ಸಮುದ್ರವೆಂದರೆ ಬಂಗಾಳ ಕೊಲ್ಲಿಯಷ್ಟು ಚಂಡಮಾರುತ ಏಳದ ಕಡಲು ಎಂದು ಹಿರಿಯರು ನಂಬಿದ್ದರು, ಅದು ನಿಜವೂ ಆಗಿತ್ತು. ಕಳೆದ ಕೆಲವು ದಶಕಗಳಲ್ಲಿ ಇದರ ಮೇಲ್ಮೈ ನೀರು ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ. ಬಿಸಿನೀರೇ ಚಂಡಮಾರುತದ ಆಹಾರ. 2019ರಲ್ಲಿ ಕ್ಯಾರ್, 2021ರ ಮೇ ತಿಂಗಳಲ್ಲಿ ತೌಕ್ತೆ. ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲಿ, ಆದರೆ ದಾರಿಯುದ್ದಕ್ಕೂ ನಮ್ಮ ದಡವನ್ನು ಬಡಿದುಕೊಂಡೇ ಹೋಯಿತು. ಮೀನಿನ ಕಥೆಯೂ ಇದಕ್ಕೆ ಸೇರಿದ್ದು. ತಾರ್ಲೆ ನೀರಿನ ಬಿಸಿ, ಮಳೆಯ ಲಯ ಎರಡನ್ನೂ ಸೂಕ್ಷ್ಮವಾಗಿ ನೋಡುವ ಮೀನು. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ ನಾಲ್ಕು ಸಾವಿರ ಟನ್ನೂ ಸಿಗಲಿಲ್ಲ. ಆಮೇಲೆ ಚೇತರಿಸಿಕೊಂಡಿತು, ಅಲ್ಹಮ್ದುಲಿಲ್ಲಾಹ್. ಮರಿಮೀನನ್ನೂ ಬಿಡದೆ ಬಾಚುವ ಬಲೆಯ ಪಾಲೂ ಇದರಲ್ಲಿದೆ. ಆದರೆ ಸಾಲ ಮಾಡಿ ಬಲೆ ಕೊಂಡವನಿಗೆ ಇಂಥ ಎರಡು ವರ್ಷ ಸಾಕು, ಮನೆ ಮುರಿಯಲು.

ಟೊಂಕದ ಮರಳಿನಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಗಳ ವಿಷಯ ಕೇಳಿದರೆ ಅಚ್ಚರಿಯಾಗುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದು ಮರಳಿನ ಬಿಸಿಯ ಮೇಲೆ ನಿಂತಿದೆ. ಮರಳು ಹೆಚ್ಚು ಕಾದರೆ ಹೆಣ್ಣುಮರಿಗಳೇ ಹುಟ್ಟುತ್ತವೆ. ಸುಬ್ಹಾನಲ್ಲಾಹ್, ಎಷ್ಟು ನಾಜೂಕಾದ ತೂಕದ ಮೇಲೆ ಈ ಸೃಷ್ಟಿ ನಿಂತಿದೆ!

1993ರಿಂದ ಈಚೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ ಹತ್ತು ಸೆಂಟಿಮೀಟರ್ ಏರಿದೆ. ಒಂದು ಗೇಣಿನ ಅರ್ಧ. ಆದರೆ ಶರಾವತಿ ಕಡಲು ಸೇರುವ ಬಾಯಲ್ಲೇ ಕುಳಿತ ನಮಗೆ ಅಳವೆಯ ಲೆಕ್ಕ ಬೇರೆ. ಮೇಲೆ ಜೋರು ಮಳೆ, ಲಿಂಗನಮಕ್ಕಿಯಿಂದ ನೀರು ಬಿಡುವ ಸೂಚನೆ, ಕೆಳಗೆ ಉಬ್ಬರ ಮೂರೂ ಒಂದೇ ದಿನ ಬಂದರೆ ಹೊಳೆಯ ನೀರಿಗೆ ಹೋಗಲು ಜಾಗವಿರುವುದಿಲ್ಲ. ಬೇಸಿಗೆಯಲ್ಲಿ ಉಪ್ಪು ಒಳಗೆ ಬರುತ್ತದೆ, ಬಾವಿಗೂ ಗಜನಿಗೂ. ಕುಮಟಾ ಕಡೆಯ ರೈತರು ಉಪ್ಪುನೀರು ತಡೆಯುವ ಕಗ್ಗ ಭತ್ತವನ್ನು ತಲೆತಲಾಂತರದಿಂದ ಉಳಿಸಿಕೊಂಡದ್ದು ಸುಮ್ಮನೆ ಅಲ್ಲ.

ದೂರದ ಮಾತೂ ಒಂದಿದೆ. 2024ರ ಹಜ್‌ನಲ್ಲಿ ಮಕ್ಕಾದ ಉಷ್ಣತೆ 51 ಡಿಗ್ರಿ ದಾಟಿತು, 1,300ಕ್ಕೂ ಹೆಚ್ಚು ಯಾತ್ರಿಕರು ಮರಣ ಹೊಂದಿದರು. ಅವರಲ್ಲಿ ಹೆಚ್ಚಿನವರು ಪರವಾನಗಿಯಿಲ್ಲದೆ, ನೆರಳಿನ ವ್ಯವಸ್ಥೆಯಿಲ್ಲದೆ ನಡೆದವರು. ಬಿಸಿಲು ಎಲ್ಲರಿಗೂ ಒಂದೇ, ನೆರಳು ಮಾತ್ರ ಎಲ್ಲರಿಗೂ ಸಿಗುವುದಿಲ್ಲ.

ಈ ಹೊಗೆ ಬಿಟ್ಟವರು ಯಾರು? ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ ಅದರ ಏಳು ಪಟ್ಟು. ಕೆಲವು ಕೊಲ್ಲಿ ದೇಶಗಳಲ್ಲಿ ಅಮೆರಿಕಕ್ಕಿಂತಲೂ ಹೆಚ್ಚು. ಭಟ್ಕಳ, ಹೊನ್ನಾವರದ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಕೊಲ್ಲಿಯ ಎಣ್ಣೆಯ ಹಣದಿಂದಲೇ. ದುಡಿದು ತಂದ ಹಲಾಲ್ ಸಂಪಾದನೆ ಅದು, ತಪ್ಪೆಂದು ಹೇಳುತ್ತಿಲ್ಲ. ಆದರೆ ಟೊಂಕದ ಖಾರ್ವಿ, ಅಂಬಿಗ, ದಾಲ್ದಿ ಮೀನುಗಾರ ಬಿಟ್ಟ ಹೊಗೆ ಬಹಳ ಕಡಿಮೆ, ಪೆಟ್ಟು ಮೊದಲು ಬೀಳುವುದು ಅವನ ಜಗಲಿಗೆ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆಗುವಲ್ಲಿ ಹಕ್ಕಿನ ಪ್ರಶ್ನೆ ಬರುತ್ತದೆ.

ಹಾಗಾದರೆ ಚಿಂತಿಸಬೇಕೆ? ನಿದ್ದೆಗೆಡಿಸುವ ಹೆದರಿಕೆಯಿಂದ ಯಾರಿಗೂ ಉಪಕಾರವಿಲ್ಲ. ಎಚ್ಚರ ಬೇಕು. ಶರಾವತಿ ದಡದ ಕಾಂಡ್ಲಾ ಗಿಡಗಳು ಅಲೆಯ ಹೊಡೆತವನ್ನು ತಡೆಯುತ್ತವೆ, ಮೀನು ಸಿಗಡಿಯ ಮರಿಗಳಿಗೆ ತೊಟ್ಟಿಲಾಗುತ್ತವೆ. ಅವನ್ನು ಕಡಿಯಲು ಬಿಡಬಾರದು. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಮ್ಮ ನಲ್ಲಿಗಳ ಕೆಳಗೆ ಎಷ್ಟು ಹರಿಯುತ್ತದೆಂದು ಒಂದು ಬಕೆಟ್ ಇಟ್ಟು ನೋಡಿ. ಮಸೀದಿಯ ಮಾಡಿನ ಮಳೆನೀರನ್ನು ಬಾವಿಗೆ ಬಿಡುವುದಕ್ಕೆ ಪೈಪ್ ಮತ್ತು ಒಂದು ದಿನದ ಕೂಲಿ ಸಾಕು. ಗುಡ್ಡದ ಬುಡದಲ್ಲಿರುವ ಮನೆಗಳ ಪಟ್ಟಿ ಜಮಾಅತ್‌ನಲ್ಲಿ ಮಳೆಗಾಲಕ್ಕೆ ಮೊದಲೇ ಇರಲಿ, ಯಾವ ಧರ್ಮದವರ ಮನೆಯೇ ಆಗಲಿ. ರೆಡ್ ಅಲರ್ಟ್ ರಾತ್ರಿ ಮದ್ರಸದ ಬಾಗಿಲು ಅವರಿಗೆ ತೆರೆದಿರಲಿ.

ಇದಕ್ಕಿಂತ ಕಷ್ಟದ್ದು ಇನ್ನೊಂದು. ಕಡಲಿಗೆ ಇಳಿಯಬೇಡಿ ಎಂಬ ಸೂಚನೆ ಬಂದ ದಿನವೂ ಕೆಲವರು ಇಳಿಯುತ್ತಾರೆ. ಅವರು ಮೊಂಡರಲ್ಲ. ಎಂಜಿನ್ ಸಾಲದ ಕಂತು ಸೂಚನೆ ನೋಡಿ ನಿಲ್ಲುವುದಿಲ್ಲ. ದಡದಲ್ಲಿ ಕುಳಿತು ಸಬರ್ ಮಾಡಿ ಎಂದು ಉಪದೇಶಿಸುವುದು ನನ್ನಂಥವರಿಗೆ ಸುಲಭ. ಚಂಡಮಾರುತದ ಎಚ್ಚರಿಕೆಯಿರುವ ದಿನಗಳಲ್ಲಿ ದೋಣಿ ಕಟ್ಟಿಟ್ಟ ಮನೆಗಳಿಗೆ ಬೈತುಲ್‌ಮಾಲ್‌ನಿಂದ ಅಕ್ಕಿ, ಬೇಳೆ, ಆ ತಿಂಗಳ ಕಂತಿಗೆ ಬಡ್ಡಿಯಿಲ್ಲದ ಕೈಸಾಲ ಕೊಡಲು ಸಾಧ್ಯವೇ ಎಂದು ಪ್ರತಿ ಜಮಾಅತ್ ಲೆಕ್ಕ ಹಾಕಲಿ. ಕೊಲ್ಲಿಯಲ್ಲಿರುವ ನಮ್ಮವರನ್ನೂ ಕೇಳೋಣ. ಮುಂಗಾರಿಗೆ ಮುಂಚೆ ಈ ಮಾತು ಕಮಿಟಿಯ ಮುಂದೆ ಬರಬೇಕು.