ಇಂಕ್ ಪೆನ್ನಿಗೆ ಯಾವ ನೋಟ್‌ಬುಕ್? ಬೆಟಗೇರಿ ಗಂಜಿ ಹೇಳಿಕೊಟ್ಟ ಪಾಠ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇದು. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಗದಗ-ಬೆಟಗೇರಿಯಿಂದ ನಾನು ಮಾತಾಡ್ತಾ ಇದ್ದೀನಿ. ಹೋದ ತಿಂಗಳು "ದಿನಾ ಒಂದು ಪುಟ ಬರೀರಿ" ಅಂತ ಹೇಳಿದ್ದೆ. ಅದಕ್ಕೆ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದೇ ದೂರು ಬಹಳ ಸಲ ಬಂತು. ಮುಂಡರಗಿಯಿಂದ ಒಬ್ಬರು ಹೇಳಿದ್ದು ಹೀಗೆ: "ಆಸೆಪಟ್ಟು ಇಂಕ್ ಪೆನ್ ತಗೊಂಡೆ. ಬರದ್ರ ಅಕ್ಷರ ಎಲ್ಲಾ ಒಡದು ಹಿಂದಿನ ಪುಟಕ್ಕೆ ಇಳೀತಾವ. ಪೆನ್ನಿಂದು ತಪ್ಪೋ, ನಂದು ತಪ್ಪೋ?"

ಹೆಚ್ಚಿನ ಸಲ ಎರಡೂ ಅಲ್ಲ, ತಪ್ಪು ಹಾಳಿಯದು. ಅದಕ್ಕೇ ಇವತ್ತು ಪೆನ್ನಿನ ಸುದ್ದಿ ಬಿಟ್ಟು ನೋಟ್‌ಬುಕ್ ಆರಿಸೋದು ಹೇಗೆ ಅಂತ ನೋಡೋಣ. ಮೊದಲು ನನಗೆ ಈ ವಿಷಯ ಯಾಕೆ ಮುಖ್ಯ ಆಯ್ತು ಅನ್ನೋದನ್ನ ಹೇಳ್ತೀನಿ.

ಅಜ್ಜನ ಟ್ರಂಕಿನ ಎರಡು ವಹಿ

ನಮ್ಮ ಅಜ್ಜ ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ಸೊಸೈಟಿ ಲೆಕ್ಕ ಬರೀತಿದ್ದರು. ನಮ್ಮ ಭಾಗದವರಿಗೆ ಸೊಸೈಟಿ ಅಂದ್ರೆ ಹೆಮ್ಮೆ. 1905ರಲ್ಲಿ ಇಲ್ಲೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರಲ್ಲ, ಆ ಪರಂಪರೆ. ಅಜ್ಜ ಆಫೀಸಿನ ಕಿರ್ದಿ-ಖಾತೆ ಬರೆದು ಮನೆಗೆ ಬಂದ ಮೇಲೆ ಮನೆಯದೂ ಬರೀತಿದ್ದರು. ಮಳೆ ಬಿದ್ದಿದ್ದು, ಎತ್ತು ಕೊಂಡಿದ್ದು, ಯಾರಿಗೆ ಎಷ್ಟು ಉದ್ರಿ ಅನ್ನೋದು, ಹೀಗೆ ಎಲ್ಲಾ.

ಅವರು ತೀರಿದ ಮೇಲೆ ಟ್ರಂಕಿನಲ್ಲಿ ಎರಡು ವಹಿ ಸಿಕ್ಕವು. ಒಂದು ದಪ್ಪ ರಟ್ಟಿನ ಹಳೆ ಲೆಡ್ಜರ್, ಇನ್ನೊಂದು ಸಾಲಿ ಹುಡುಗರ ಸಾದಾ ನೋಟ್‌ಬುಕ್. ಲೆಡ್ಜರ್ ವಯಸ್ಸಿನಲ್ಲಿ ದೊಡ್ಡದು, ಆದರೂ ಅದರ ಅಕ್ಷರ ನಿನ್ನೆ ಬರೆದಂಗೆ ಇದ್ದವು. ಸಾದಾ ನೋಟ್‌ಬುಕ್ ಕಂದು ಬಣ್ಣಕ್ಕೆ ತಿರುಗಿತ್ತು, ಮಸಿ ಹಬ್ಬಿತ್ತು, ಎರಡೂ ಕಡೆಯ ಬರಹ ಒಂದರೊಳಗೊಂದು ಸೇರಿಬಿಟ್ಟಿತ್ತು.

ನಮ್ಮ ಅಪ್ಪಾರಿಗೆ ಒಬ್ಬ ಅಕ್ಕ ಇದ್ದಳಂತೆ, ಸಣ್ಣಾಕಿ ಇದ್ದಾಗಲೇ ತೀರಿಹೋದಳು. ಅಪ್ಪಾರಿಗೆ ಅವಳ ಮುಖ ನೆನಪಿಲ್ಲ, ಫೋಟೋನೂ ಇಲ್ಲ. ಅವಳು ಹೋದ ದಿನ ಅಜ್ಜ ಎರಡೇ ಸಾಲು ಬರೆದಿದ್ದರು, ಅದೂ ಆ ಸಾದಾ ನೋಟ್‌ಬುಕ್ಕಿನಲ್ಲಿ. ಹೆಸರು ಓದೋಕೆ ಬರ್ತದೆ, ತಿಂಗಳೂ ಬರ್ತದೆ. ತಾರೀಖು ಮಾತ್ರ ಬರೋದಿಲ್ಲ. ಅಜ್ಜ ಕನ್ನಡ ಅಂಕಿ ಬಳಸ್ತಿದ್ದರು. ಅದೇ ಹಾಳಿಯ ಹಿಂದೆ ಹತ್ತಿ ತೂಕದ ಲೆಕ್ಕ ಬರೆದಿದ್ದಾರೆ, ಅದರ ಮಸಿ ಇತ್ತ ಇಳಿದು ತಾರೀಖಿನ ಮೇಲೆ ಕೂತಿದೆ. ಅಪ್ಪಾರು ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ಕೇಳಿದರು: "ಇದು ೨ ಏನೋ, ೩ ಏನೋ, ನೋಡು ಸ್ವಲ್ಪ."

ಫೋನಿನಲ್ಲಿ ಝೂಮ್ ಮಾಡಿದರೂ ನನಗೆ ಹೇಳೋಕೆ ಆಗಲಿಲ್ಲ.

ಹಾಳಿಗೂ ಗಂಜಿ ಬೇಕು

ಲೆಡ್ಜರ್ ಹಾಳಿಯಲ್ಲಿ ಮಸಿ ನಿಂತಿದ್ದು, ನೋಟ್‌ಬುಕ್ಕಿನಲ್ಲಿ ಹರಿದಿದ್ದು ಯಾಕೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬೆಟಗೇರಿಯ ಒಂದು ಮಗ್ಗದ ಮನೆಯಲ್ಲಿ. ಗೆಳೆಯನ ಅಪ್ಪ ನೇಕಾರರು. ಹತ್ತಿ ನೂಲಿನ ಹಾಸಿಗೆ ಗಂಜಿ ಹಚ್ಚೋದು ತೋರಿಸ್ತಾ ಹೇಳಿದರು: "ಗಂಜಿ ಕುಡೀದ ನೂಲು ಜುಬ್ಬರಾ ಏಳ್ತತಿ ತಮ್ಮಾ, ಮಗ್ಗದಾಗ ನಿಂದರಂಗಿಲ್ಲ."

ಈ ಕೆಲಸಕ್ಕೆ ಗಿರಣಿಗಳಲ್ಲಿ ಸೈಜಿಂಗ್ ಅಂತಾರೆ. ಕಾಗದ ಮಾಡೋರೂ ಅದೇ ಮಾತು ಬಳಸ್ತಾರೆ. ಕಾಗದ ಅಂದ್ರೆ ಮರ, ಬಿದಿರು ಅಥವಾ ಹತ್ತಿಯ ಸಣ್ಣ ಸಣ್ಣ ನಾರು ಒಂದರ ಮೇಲೊಂದು ಹೆಣೆದುಕೊಂಡಿರೋದು. ನಾರಿಗೆ ನೀರು ಕಂಡ್ರೆ ಆಸೆ, ಮಸಿ ಬಿದ್ದ ಕೂಡಲೇ ಎಳೆದುಕೊಳ್ತದೆ. ಹಾಗಾಗಬಾರದು ಅಂತ ಕಾರ್ಖಾನೆಯಲ್ಲಿ ತಿರುಳಿಗೆ ನೀರು ತಡೆಯೋ ಪದಾರ್ಥ ಸೇರಿಸ್ತಾರೆ, ಮೇಲೆ ಪಿಷ್ಟದ ಲೇಪ ಕೊಡ್ತಾರೆ. ಪಿಷ್ಟ ಅಂದ್ರೆ ನಮ್ಮ ಗಂಜಿಯೇ. ಸೈಜಿಂಗ್ ಸರಿ ಇದ್ದರೆ ಮಸಿ ಮೇಲೆ ಕೂತು ನಿಧಾನಕ್ಕೆ ಒಣಗ್ತದೆ. ಕಡಿಮೆ ಇದ್ದರೆ ನಾರಿನ ಗುಂಟ ಓಡ್ತದೆ.

ಲೆಡ್ಜರ್ ಹಾಳಿ ತಯಾರಾಗ್ತಿದ್ದದ್ದೇ ಟಾಕು, ಇಂಕ್ ಪೆನ್ನುಗಳಿಗೆ. ಗಟ್ಟಿ ನಾರು, ಗಟ್ಟಿ ಸೈಜಿಂಗ್. ಬಾಲ್ ಪೆನ್ ಬಂದ ಮೇಲೆ ಅಗ್ಗದ ನೋಟ್‌ಬುಕ್ಕಿಗೆ ಆ ಖರ್ಚು ಯಾರಿಗೆ ಬೇಕು? ಬಾಲ್ ಪೆನ್ನಿನ ಮಸಿ ಎಣ್ಣೆಯಂಗೆ ದಪ್ಪ, ಎಂಥ ಹಾಳಿಯ ಮೇಲೂ ನಿಲ್ತದೆ. ಇಂಕ್ ಪೆನ್ನಿನ ಮಸಿ ಬಹುಪಾಲು ನೀರು.

ನಮ್ಮೂರಿನಲ್ಲಿ ಇನ್ನೂ ಒಂದು ಹಳೇ ಉದಾಹರಣೆ ಇದೆ. ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅನ್ನೋ ನಂಬಿಕೆ ನಿಮಗೆ ಗೊತ್ತು. ಒಮ್ಮೆ ಇಟ್ಟ ಪದ ಅಳಿಸೋದಿಲ್ಲ ಅಂತ ಆತ ಹೆಮ್ಮೆಯಿಂದ ಹೇಳಿಕೊಂಡವನು. ಅವರ ಕಾಲದ ಓಲೆಗರಿಯಲ್ಲಿ ಮೊದಲು ಕಂಠದಿಂದ ಗೀರಿ, ಆಮೇಲೆ ಕಾಡಿಗೆ ಸವರಿ ಒರೆಸ್ತಿದ್ದರು. ಗೀರಿದ ಕಡೆ ಮಾತ್ರ ಕಪ್ಪು ಉಳೀತಿತ್ತು, ಹಬ್ಬೋ ಮಾತೇ ಇಲ್ಲ. ನಮಗೆ ಆ ಸೌಲಭ್ಯ ಇಲ್ಲ, ಹಾಳಿ ನೋಡಿಯೇ ತರಬೇಕು.

ಜಿಎಸ್ಎಂ ಒಂದನ್ನೇ ನಂಬಬೇಡಿ

ಅಂಗಡಿಯಲ್ಲಿ ಕೇಳಿದರೆ "ಇದು ಹೆಚ್ಚಿನ ಜಿಎಸ್ಎಂ ಸರ್" ಅಂತಾರೆ. ಜಿಎಸ್ಎಂ ಅಂದ್ರೆ ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ತೂಗ್ತದೆ ಅನ್ನೋದು. ಎ4 ಹಾಳಿ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 16 ಎ4 ಹಾಳಿ ತೂಕಕ್ಕೆ ಹಾಕಿದರೆ ಬಂದ ಗ್ರಾಂ ಎಷ್ಟೋ ಜಿಎಸ್ಎಂ ಅಷ್ಟೇ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಎ5 ಆದರೆ 32 ಹಾಳಿ.

ಆದರೆ ತೂಕ ಹೆಚ್ಚಾದರೆ ಮಸಿ ನಿಲ್ತದೆ ಅಂತ ಏನಿಲ್ಲ. ಬ್ಲಾಟಿಂಗ್ ಪೇಪರ್ ನೋಡಿ, ದಪ್ಪ ಇದ್ದರೂ ಅದರಲ್ಲಿ ಸೈಜಿಂಗ್ ಇಲ್ಲ, ಮಸಿ ಹೀರೋದೇ ಅದರ ಕೆಲಸ. ಜಪಾನಿನ ಟೊಮೋಎ ರಿವರ್ ಕಾಗದ ಬರೀ 52 ಜಿಎಸ್ಎಂ, ಬೆರಳು ಕಾಣೋ ಅಷ್ಟು ತೆಳು. ಆದರೂ ಇಂಕ್ ಪೆನ್ ಪ್ರಿಯರು ಅದನ್ನ ಹುಡುಕಿಕೊಂಡು ಹೋಗ್ತಾರೆ. ಜಿಎಸ್ಎಂ ತೂಕ ಹೇಳ್ತದೆ, ಹಾಳಿ ಗಂಜಿ ಕುಡಿದಿದೆಯೋ ಇಲ್ಲವೋ ಹೇಳೋದಿಲ್ಲ.

ಇಲ್ಲಿ ಮೂರು ತೊಂದರೆಗಳನ್ನ ಬೇರೆ ಬೇರೆ ಮಾಡಿಕೊಳ್ಳಿ. ಗೆರೆಯ ಅಂಚಿಗೆ ಬೇರು ಬಿಟ್ಟಂಗೆ ಮಸಿ ಹರಡಿದರೆ ಅದು ಫೆದರಿಂಗ್. ಹಿಂದಿನ ಪುಟಕ್ಕೆ ಚುಕ್ಕಿಯಾಗಿ ಇಳಿದರೆ ಬ್ಲೀಡಿಂಗ್. ಎರಡಕ್ಕೂ ಸೈಜಿಂಗ್ ಕಡಿಮೆ ಇರೋದೇ ಮುಖ್ಯ ಕಾರಣ. ಹಿಂದೆ ಬರೀ ನೆರಳು ಕಂಡರೆ ಹಾಳಿ ತೆಳು ಅಂತ ಅಷ್ಟೇ, ಅದನ್ನ ಸಹಿಸಿಕೊಳ್ಳಬಹುದು.

ಕನ್ನಡ ಬರೆಯೋರಿಗೆ ಇದು ಇನ್ನೂ ಮುಖ್ಯ

ಯೂಟ್ಯೂಬಿನ ನೋಟ್‌ಬುಕ್ ರಿವ್ಯೂಗಳಲ್ಲಿ ಇಂಗ್ಲಿಷ್ ಬರೆದು ತೋರಿಸ್ತಾರೆ. ನಮ್ಮ ಅಕ್ಷರದ ಕಥೆ ಬೇರೆ. "ರ" ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ "ಠ". "ದ"ಗೆ ಚುಕ್ಕಿ ಇಟ್ಟರೆ "ಥ", ಕೆಳಗೆ ಸೀಳಿದರೆ "ಧ". "ಪ"ಗೂ "ಷ"ಗೂ ನಡುವೆ ಒಂದು ಸಣ್ಣ ಗೆರೆ ಅಷ್ಟೇ. ಮಸಿ ಅರ್ಧ ಮಿಲಿಮೀಟರ್ ಹಬ್ಬಿದರೂ ಆ ಚುಕ್ಕಿ ಮುಚ್ಚಿಹೋಗ್ತದೆ. ಅಂಕಿಗಳಲ್ಲಿ ೨ ಮತ್ತು ೩, ೬ ಮತ್ತು ೯. ನಮ್ಮ ಮನೆಯಲ್ಲಿ ಆಗಿದ್ದೂ ಅದೇ.

ಇದಕ್ಕೆ ಎರಡು ಉಪಾಯ. ಒಂದು, ದಿನದ ಬರಹಕ್ಕೆ ಫೈನ್ ನಿಬ್ ಇಟ್ಟುಕೊಳ್ಳಿ. ಅದು ಮಸಿ ಕಡಿಮೆ ಬಿಡ್ತದೆ, ಅಕ್ಷರದ ಹೊಟ್ಟೆ ಖಾಲಿ ಉಳೀತದೆ. ಎರಡು, ಗೆರೆಗಳ ನಡುವಿನ ಜಾಗ ನೋಡಿ. ಇಂಗ್ಲಿಷಿಗೆ 6 ಮಿಲಿಮೀಟರ್ ಸಾಕಾಗಬಹುದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳೀತಾವೆ, ಗುಣಿಸು ಮೇಲೆ ಏರ್ತಾವೆ. ನನಗೆ 8 ಮಿಲಿಮೀಟರ್ ಹಿತ ಅನ್ನಿಸ್ತದೆ. ಗೆರೆ ಇಲ್ಲದ ಹಾಳಿಯಾದರೆ ಕೆಳಗೆ ದಪ್ಪ ಗೆರೆಯ ಒಂದು ಹಾಳಿ ಇಟ್ಟುಕೊಳ್ಳಬಹುದು.

ಅಂಗಡಿಯಲ್ಲಿ ಎರಡು ನಿಮಿಷದ ಪರೀಕ್ಷೆ

ಲಕ್ಷ್ಮೇಶ್ವರದ ಸ್ಟೇಷನರಿ ಅಂಗಡಿ ಇರಲಿ, ಗದಗಿನ ದೊಡ್ಡ ಅಂಗಡಿ ಇರಲಿ, ನಿಮ್ಮದೇ ಪೆನ್ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. "ಅಣ್ಣಾರ, ಕಡೇ ಪುಟದಾಗ ಒಂದು ಗೆರಿ ಹೊಡದು ನೋಡ್ಲೇನ್ರೀ?" ಅಂತ ಕೇಳಿ. ಬ್ಯಾಡ ಅಂದರೆ ಒಂದೇ ನೋಟ್‌ಬುಕ್ ಕೊಂಡು ನೋಡಿ, ಡಜನ್ ತರಬೇಡಿ.

1. ಠ, ಥ, ಷ, ಸ್ತ್ರೀ, ೨, ೩ ಬರೀರಿ. ಅಂಚು ಚೊಕ್ಕ ಇದೆಯಾ ನೋಡಿ.
2. ನಿಬ್ಬನ್ನ ಒಂದೇ ಕಡೆ ಮೂರು ಎಣಿಸೋವರೆಗೆ ಊರಿ ಹಿಡೀರಿ. ಹಾಳಿ ತಿರುವಿ. ಚುಕ್ಕಿ ಇಳಿದಿದ್ದರೆ ಎರಡೂ ಕಡೆ ಬರೆಯೋದು ಕಷ್ಟ.
3. ಬೆರಳಿನಿಂದ ಉಜ್ಜಿ. ತೀರಾ ನುಣುಪು ಹಾಳಿಯಲ್ಲಿ ಮಸಿ ಒಣಗೋಕೆ ಹೊತ್ತು ಬೇಕು. ಎಡಗೈಯಲ್ಲಿ ಬರೆಯೋರು ಇದನ್ನ ಮರೆಯಬೇಡಿ.
4. ನಡುವೆ ತೆರೆದು ಮೇಜಿನ ಮೇಲೆ ಇಡಿ. ದಾರದ ಹೊಲಿಗೆ ಇದ್ದರೆ ಚಪ್ಪಟೆ ಕೂರ್ತದೆ. ಬರೀ ಅಂಟು ಹಾಕಿದ್ದರೆ ಮಡಚಿಕೊಳ್ತದೆ, ಕ್ರಮೇಣ ಹಾಳಿ ಉದುರ್ತಾವೆ.

ಒಂದು ಎಚ್ಚರ. ಒಂದೇ ಬ್ರ್ಯಾಂಡಿನ ನೋಟ್‌ಬುಕ್ ಆದರೂ ಪ್ರತಿ ಸಲ ಹಾಳಿ ಒಂದೇ ಥರ ಇರ್ತದೆ ಅಂತ ಖಾತ್ರಿ ಇಲ್ಲ. ಹೊಸ ಲಾಟ್ ಬಂದಾಗ ಮತ್ತೆ ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ಹಾಳಿ ತೇವ ಎಳೆದುಕೊಂಡು ಹೆಚ್ಚು ಹೀರ್ತದೆ. ಬೇಸಿಗೆಯಲ್ಲಿ ಕಪ್ಪತಗುಡ್ಡದ ಕಡೆಯ ಒಣ ಗಾಳಿಗೆ ನಿಬ್ಬಿನ ಮೇಲಿನ ಮಸಿಯೇ ಒಣಗ್ತದೆ. ಯೋಚನೆ ಮಾಡೋವಾಗ ಕ್ಯಾಪ್ ಹಾಕಿಡಿ.

ಕಾಮರ್ಸ್ ಓದಿದವರ ಲೆಕ್ಕ

ನಾನು ಬಿ.ಕಾಂ. ಓದಿದ್ದು, ಅದಕ್ಕೇ ಒಂದು ಲೆಕ್ಕ ಹಾಕಿದೆ. 172 ಪುಟದ ನೋಟ್‌ಬುಕ್ಕಿಗೆ 60 ರೂಪಾಯಿ ಅಂತ ಇಟ್ಟುಕೊಳ್ಳಿ. ಪುಟಕ್ಕೆ 35 ಪೈಸೆ. ಅಗ್ಗ ಅನ್ನಿಸ್ತದೆ. ಆದರೆ ಮಸಿ ಹಿಂದಕ್ಕೆ ಇಳಿದರೆ ಬಳಕೆಗೆ ಬರೋದು 86 ಪುಟ ಮಾತ್ರ. ಅಂದ್ರೆ ಪುಟಕ್ಕೆ 70 ಪೈಸೆ. ಆನ್‌ಲೈನಿನ ಚೆಂದದ ಜರ್ನಲ್ 160 ಪುಟಕ್ಕೆ 500 ರೂಪಾಯಿ ಇದ್ದರೆ ಪುಟಕ್ಕೆ 3 ರೂಪಾಯಿ ಮೇಲಾಯ್ತು. ಅಷ್ಟು ಕೊಟ್ಟಮೇಲೆ ಅದರಲ್ಲಿ ಬರೆಯೋಕೇ ಕೈ ನಡುಗ್ತದೆ. ನನ್ನ ಹತ್ತಿರ ಅಂಥದ್ದೊಂದು ಇನ್ನೂ ಖಾಲಿ ಕೂತಿದೆ.

ಮೂರನೇ ದಾರಿ ನಮ್ಮ ಊರಲ್ಲೇ ಇದೆ. ಗದಗ ಅಂದ್ರೆ ಮೊದಲಿಂದಲೂ ಪ್ರಿಂಟಿಂಗ್ ಪ್ರೆಸ್ಸುಗಳ ಊರು, ಬೈಂಡಿಂಗ್ ಮಾಡೋ ಕೈಗಳಿಗೆ ಕೊರತೆ ಇಲ್ಲ. ನಾನು ಮೂರ್ನಾಲ್ಕು ಬಗೆಯ 80 ಜಿಎಸ್ಎಂ ಎ4 ಹಾಳಿಯ ತುಣುಕು ಕೇಳಿ ತಂದು ಮನೆಯಲ್ಲಿ ಪರೀಕ್ಷೆ ಮಾಡಿದೆ. ಪಾಸಾದದ್ದರ ಒಂದು ರೀಮ್, ಅಂದ್ರೆ 500 ಹಾಳಿ, 350 ರೂಪಾಯಿಗೆ ತಗೊಂಡೆ. ನಡುವೆ ಮಡಚಿದರೆ 2000 ಪುಟ, 200 ಪುಟದ 10 ವಹಿ. ಹೊಲಿಗೆ ಮತ್ತು ರಟ್ಟಿಗೆ ಒಂದಕ್ಕೆ 60 ರೂಪಾಯಿ. ಒಟ್ಟು 950, ಪುಟಕ್ಕೆ ಹೆಚ್ಚುಕಡಿಮೆ 48 ಪೈಸೆ. ಎರಡೂ ಕಡೆ ಬರೀತೀನಿ. ದಿನಕ್ಕೊಂದು ಪುಟ ಅಂದರೆ ಐದು ವರ್ಷ ಮೀರಿ ಬರ್ತದೆ.

ಬೈಂಡರ್ ಕಾಕಾ ಇನ್ನೊಂದು ಮಾತು ಕಲಿಸಿದರು. ಹಾಳಿಗೂ ಬಟ್ಟೆಯಂಗೆ ಒಂದು ದಿಕ್ಕು ಇರ್ತದೆ. ಒಂದು ಕಡೆ ಹರಿದರೆ ನೆಟ್ಟಗೆ ಹರೀತದೆ, ಇನ್ನೊಂದು ಕಡೆ ಸೊಟ್ಟ. ನೆಟ್ಟಗೆ ಹರಿಯೋ ದಿಕ್ಕಿಗೆ ಸರಿಯಾಗಿ ಬೆನ್ನಿನ ಮಡಿಕೆ ಬಂದರೆ ಪುಸ್ತಕ ಮೆತ್ತಗೆ ತೆರೀತದೆ. ಎ4 ಮಡಚಿದರೆ ಸಾಮಾನ್ಯವಾಗಿ ಅದು ಅಡ್ಡ ಬರ್ತದೆ, ಹಾಗಾಗಿ ನನ್ನ ವಹಿ ಸ್ವಲ್ಪ ಬಿಗಿ. "ಮುಂದಿನ ಸಲ ದೊಡ್ಡ ಹಾಳಿ ತಗೊಂಬಾ, ನಾನ ಕತ್ತರಿಸಿ ಕೊಡ್ತೀನಿ" ಅಂದಿದ್ದಾರೆ.

ಮಸಿಯ ಮಾತೂ ಇರಲಿ

ಹಾಳಿ ಎಷ್ಟೇ ಚಲೋ ಇದ್ದರೂ ಮಾಮೂಲಿ ರಾಯಲ್ ಬ್ಲೂ ಮಸಿ ಹೆಚ್ಚಾಗಿ ತೊಳೆದರೆ ಹೋಗೋ ಬಣ್ಣ. ನೀರು ಬಿದ್ದರೆ ಬರಹ ಹೋಯ್ತು, ಬಿಸಿಲಿಗೆ ಇಟ್ಟರೆ ಮಾಸ್ತದೆ. ದಿನದ ಟಿಪ್ಪಣಿಗೆ ಅಡ್ಡಿ ಇಲ್ಲ. ಮಕ್ಕಳು ಮೊಮ್ಮಕ್ಕಳು ಓದಲಿ ಅನ್ನೋ ಬರಹಕ್ಕೆ ನೀರಿಗೆ ಜಗ್ಗದ ಮಸಿ ಕೇಳಿ ತಗೊಳ್ಳಿ. ಅಂಥ ಮಸಿ ಪೆನ್ನಿನಲ್ಲಿ ಒಣಗಿದರೆ ಕಟ್ಟಿಕೊಳ್ತದೆ. ಅದಕ್ಕೆ ಕೆಲವು ವಾರಕ್ಕೊಮ್ಮೆ ಸಾದಾ ನೀರಿನಲ್ಲಿ ತೊಳೀರಿ. ಬಿಸಿನೀರು ಬೇಡ.

ತುಂಬಿದ ವಹಿಗಳನ್ನ ನೆಲಕ್ಕೆ, ಹೊರಗೋಡೆಗೆ ತಾಗದಂಗೆ ಇಡಿ. ಮೊದಲ ಪುಟದಲ್ಲಿ ನಿಮ್ಮ ಹೆಸರು, ಊರು, ಇಸವಿ ಬರೀರಿ. ಮುಖ್ಯ ತಾರೀಖುಗಳನ್ನ ಅಂಕಿಯಲ್ಲೂ ಅಕ್ಷರದಲ್ಲೂ ಬರೀರಿ. ಚೆಕ್ಕಿನಲ್ಲಿ ಮೊತ್ತ ಎರಡು ಸಲ ಬರೆಯೋದು ಇದೇ ಕಾರಣಕ್ಕೆ.

ನನ್ನ ಹೊಸ ವಹಿಯ ಮೊದಲ ಪುಟದಲ್ಲಿ ಅಜ್ಜನ ಆ ಎರಡು ಸಾಲು ಇಳಿಸಿಕೊಂಡೆ. ತಾರೀಖಿನ ಜಾಗಕ್ಕೆ ಬಂದು ನಿಂತೆ. ಅಪ್ಪಾರು ಪಕ್ಕದಲ್ಲೇ ಇದ್ದರು. "ಎರಡೂ ಬರಿ" ಅಂದರು. "ಎರಡು ಅಥವಾ ಮೂರು" ಅಂತ ಅಕ್ಷರದಲ್ಲಿ ಬರೆದೆ. ಈ ವರ್ಷ ಆ ಎರಡೂ ದಿನ ಮನೆಯಲ್ಲಿ ದೀಪ ಹಚ್ಚಿದ್ವಿ.

ಸರಿ, ಈ ವಾರಕ್ಕೆ ಇಷ್ಟು. ನಿಮ್ಮ ಊರಿನ ಯಾವ ಅಂಗಡಿಯ ಯಾವ ಹಾಳಿ ಮೂರು ಎಣಿಸೋ ಪರೀಕ್ಷೆ ಪಾಸಾಯ್ತು, ಯಾವುದು ಫೇಲಾಯ್ತು, ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಮನೆಯಲ್ಲಿ ಹಿರಿಯರ ಹಳೇ ವಹಿ ಇದ್ದರೆ ಇವತ್ತೇ ತೆಗೆದು ಫೋಟೋ ಹೊಡೆದು ಇಟ್ಟುಕೊಳ್ಳಿ. ಬರ್ತೀನ್ರೀ, ನಮಸ್ಕಾರ.